ಹಾಲು ಕುಡಿಸಿದರೆ ಸೀಸ ಇಳಿಯುತ್ತಾ?

ಹಿಂದಿನ ಸಂಚಿಕೆಯಲ್ಲಿ ಮಕ್ಕಳ ರಕ್ತಕ್ಕೆ ಸೀಸ ಸೇರುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕೊನೆಯಲ್ಲಿ 'ಊಟದ ಕಡೆಗೂ ಗಮನ ಇರಲಿ' ಅಂತ ಒಂದು ವಾಕ್ಯ ಸೇರಿಸಿ ಸುಮ್ಮನಾಗಿದ್ದೆ. ಆ ಒಂದು ವಾಕ್ಯಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ತಪ್ಪು ನನ್ನದೇ, ಅರ್ಧ ಹೇಳಿ ಬಿಟ್ಟರೆ ಉಳಿದರ್ಧವನ್ನು ಓದುವವರು ತಮಗೆ ತೋಚಿದ ಹಾಗೆ ತುಂಬಿಕೊಳ್ಳುತ್ತಾರೆ. ಒಂದೇ ಥರದ ಪತ್ರಗಳನ್ನು ಒಟ್ಟು ಮಾಡಿ, ಹೆಸರು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಎರಡು ವರ್ಷ. ರಕ್ತ ಪರೀಕ್ಷೆಯಲ್ಲಿ ಸೀಸ 7 ಅಂತ ಬಂದಿದೆ. 'ಸದ್ಯಕ್ಕೆ ಔಷಧಿ ಬೇಡ, ಕ್ಯಾಲ್ಸಿಯಂ, ಐರನ್ ಇರುವ ಊಟ ಕೊಡಿ' ಅಂದರು ಡಾಕ್ಟರು. ಅವತ್ತಿನಿಂದ ದಿನಕ್ಕೆ ಒಂದು ಲೀಟರ್ ಹಾಲು ಕುಡಿಸುತ್ತಿದ್ದೇನೆ. ಊಟ ಮಾತ್ರ ಮುಟ್ಟುತ್ತಿಲ್ಲ. ಹಾಲು ಸೀಸವನ್ನು ಹೊರಗೆ ಹಾಕುತ್ತದೆಯೇ?

ಇಲ್ಲಮ್ಮ, ಹಾಕುವುದಿಲ್ಲ. ಮೊದಲು ಆ ಒಂದು ಲೀಟರನ್ನು ಅರ್ಧಕ್ಕೆ ಇಳಿಸಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

7 ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ 7 ಮೈಕ್ರೋಗ್ರಾಂ ಸೀಸ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ 5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು, ಅದನ್ನು ನಿಲ್ಲಿಸಬೇಕು. ಅಮೆರಿಕದವರು ಅದೇ ವರ್ಷ ತಮ್ಮ ಗೆರೆಯನ್ನು 5ರಿಂದ 3.5ಕ್ಕೆ ಇಳಿಸಿದರು. 1991ರಲ್ಲಿ ಇದೇ ಗೆರೆ 10 ಇತ್ತು, 1960ರ ದಶಕದಲ್ಲಿ 60. ಮಕ್ಕಳ ಮೈ ಬದಲಾಗಲಿಲ್ಲ, ನಮಗೆ ತಿಳಿವಳಿಕೆ ಬಂತು ಅಷ್ಟೇ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟ ಯಾವುದೂ ಇಲ್ಲ ಅಂತ ಈಗ ಎಲ್ಲರೂ ಒಪ್ಪುತ್ತಾರೆ. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿಗಳಿವೆ ನಿಜ, ಆದರೆ ಅವನ್ನು ಸಾಮಾನ್ಯವಾಗಿ 45 ಮುಟ್ಟಿದ ಮೇಲೆ ಕೊಡುತ್ತಾರೆ. ಹಾಗಾಗಿ ನಿಮ್ಮ ಡಾಕ್ಟರು ಔಷಧಿ ಬೇಡ ಅಂದಿದ್ದು ಸರಿಯೇ. ಆದರೆ ಅದು 'ಏನೂ ಮಾಡಬೇಡಿ' ಅಂತಲ್ಲ.

ಈಗ ಕ್ಯಾಲ್ಸಿಯಂ ವಿಷಯ. ನಮ್ಮ ಮೈಗೆ ಸೀಸದಿಂದ ಯಾವ ಉಪಯೋಗವೂ ಇಲ್ಲ, ಹಾಗಾಗಿ ಅದನ್ನು ಒಳಗೆ ಕರೆದುಕೊಳ್ಳಲು ಕರುಳಲ್ಲಿ ಬೇರೆ ಬಾಗಿಲೂ ಇಲ್ಲ. ಅದು ಕ್ಯಾಲ್ಸಿಯಂ ವೇಷ ಹಾಕಿಕೊಂಡು ಕ್ಯಾಲ್ಸಿಯಂ ಬಾಗಿಲಲ್ಲಿ ನುಗ್ಗುತ್ತದೆ, ಕಬ್ಬಿಣದ ಬಾಗಿಲಲ್ಲೂ ನುಗ್ಗುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಬಾಗಿಲಲ್ಲಿ ನೂಕುನುಗ್ಗಲು, ಸೀಸಕ್ಕೆ ಜಾಗ ಸಿಗುವುದು ಕಷ್ಟ. ಕ್ಯಾಲ್ಸಿಯಂ ಕಡಿಮೆಯಾದರೆ ಮೈ ಹಸಿದು ಬಾಗಿಲನ್ನು ಇನ್ನಷ್ಟು ತೆರೆಯುತ್ತದೆ, ಸೀಸಕ್ಕೆ ಹಬ್ಬ. 1970ರ ಸುಮಾರಿಗೇ ಇಲಿಗಳಲ್ಲಿ ಇದನ್ನು ಕಂಡುಕೊಂಡಿದ್ದರು: ಒಂದೇ ಪ್ರಮಾಣದ ಸೀಸ ಕೊಟ್ಟರೂ, ಕ್ಯಾಲ್ಸಿಯಂ ಕಡಿಮೆ ತಿಂದ ಇಲಿಗಳ ಮೈಯಲ್ಲಿ ಅದು ಜಾಸ್ತಿ ಉಳಿಯಿತು. ಮಕ್ಕಳಲ್ಲೂ ಕ್ಯಾಲ್ಸಿಯಂ ಕಡಿಮೆ ಇದ್ದವರ ರಕ್ತದಲ್ಲಿ ಸೀಸ ಜಾಸ್ತಿ ಕಂಡಿದೆ.

ಆದರೆ ಇದೆಲ್ಲ ಒಳಗೆ ಬರುವ ಸೀಸದ ಮಾತು. ಆಗಲೇ ಬಂದು ಕೂತದ್ದು ಬೇರೆ ಕಥೆ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧ ಆಗುತ್ತದೆ, ಸ್ವಲ್ಪ ಮೂತ್ರದಲ್ಲಿ ಹೋಗುತ್ತದೆ, ಉಳಿದದ್ದು ಮೂಳೆಗೆ ಹೋಗಿ ಕೂರುತ್ತದೆ, ಅಲ್ಲಿಯೂ ಕ್ಯಾಲ್ಸಿಯಂ ವೇಷದಲ್ಲೇ. ಮೂಳೆಯಿಂದ ಎದ್ದು ಬರಲು ಅದಕ್ಕೆ ದಶಕಗಳು ಬೇಕು. ಹಾಲು ಅಲ್ಲಿಗೆ ಹೋಗಿ ಅದನ್ನು ಎಬ್ಬಿಸಿಕೊಂಡು ಬರುವುದಿಲ್ಲ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ರಕ್ತದಲ್ಲಿ ಸೀಸ 10ರಿಂದ 45ರ ನಡುವೆ ಇದ್ದ ಚಿಕ್ಕ ಮಕ್ಕಳಿಗೆ ಮೂರು ತಿಂಗಳು ಊಟದ್ದೂ ಔಷಧಿಯದ್ದೂ ಸೇರಿ ದಿನಕ್ಕೆ 1800 ಮಿಲಿಗ್ರಾಂ ಕ್ಯಾಲ್ಸಿಯಂ ಆಗುವ ಹಾಗೆ ಕೊಟ್ಟು ನೋಡಿದರು. ಕೊಡದ ಮಕ್ಕಳಿಗೂ ಇವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಕೊರತೆ ತುಂಬುವುದು ಒಂದು, ತುಂಬಿದ ಮೇಲೂ ಸುರಿಯುವುದು ಇನ್ನೊಂದು.

ಇನ್ನು ಆ ಲೀಟರ್ ಹಾಲು. ಹಾಲಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೊತೆಗೆ ಅದು ಬೇರೆ ಊಟದ ಕಬ್ಬಿಣ ಮೈಗೆ ಹತ್ತುವುದನ್ನೂ ತಡೆಯುತ್ತದೆ. ಎರಡು ವರ್ಷದ ಮಗುವಿನ ಹೊಟ್ಟೆ ಎಷ್ಟಿರುತ್ತೆ ಹೇಳಿ? ಲೀಟರ್ ಹಾಲು ಹಿಡಿದ ಮೇಲೆ ಅನ್ನ, ಬೇಳೆಗೆ ಜಾಗ ಎಲ್ಲಿ? ದಿನಕ್ಕೆ 700 ಮಿಲಿಲೀಟರ್ ದಾಟಬಾರದು ಅಂತ ಮಕ್ಕಳ ಡಾಕ್ಟರುಗಳು ಹೇಳುವುದು ಇದಕ್ಕೇ, ಅರ್ಧ ಲೀಟರ್ ಧಾರಾಳವಾಗಿ ಸಾಕು. ನೀವು ಕ್ಯಾಲ್ಸಿಯಂ ಬಾಗಿಲು ಮುಚ್ಚಲು ಹೋಗಿ ಕಬ್ಬಿಣದ ಬಾಗಿಲನ್ನು ಹಾರು ಹೊಡೆದುಬಿಟ್ಟಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ. ಇದೇ ತಪ್ಪು ಮಾಡಿದ್ದೇನೆ ಅಂತ ಇನ್ನೂ ಇಬ್ಬರು ಬರೆದಿದ್ದಾರೆ.

ಆ ಕಬ್ಬಿಣದ ಬಾಗಿಲಿಗೆ ಒಂದು ಹೆಸರೂ ಇದೆ, ಡಿಎಂಟಿ-1 ಅಂತ. ಕರುಳಿನ ಒಳಗೋಡೆಯ ಮೇಲೆ ಇರುವ ಪ್ರೋಟೀನು, ಕಬ್ಬಿಣವನ್ನು ಎತ್ತಿ ಒಳಗೆ ಬಿಡುವುದು ಅದರ ಕೆಲಸ. ಮೈಯಲ್ಲಿ ಕಬ್ಬಿಣ ಕಡಿಮೆಯಾದಾಗ ಕರುಳು ಇಂಥ ಬಾಗಿಲುಗಳನ್ನು ಜಾಸ್ತಿ ಮಾಡಿಕೊಳ್ಳುತ್ತದೆ, ಸಿಕ್ಕಷ್ಟು ಬಾಚಿಕೊಳ್ಳೋಣ ಅಂತ. ಆದರೆ ಬಂದವರು ಯಾರು ಅಂತ ಅದು ನೋಡುವುದಿಲ್ಲ. ಕಬ್ಬಿಣ ಬಂದರೂ ಸೈ, ಸೀಸ ಬಂದರೂ ಸೈ. ಹೀಗೆ ಒಳಗೆ ಬಂದ ಸೀಸ ನೇರವಾಗಿ ಹಿಮೋಗ್ಲೋಬಿನ್ ತಯಾರಾಗುವ ಜಾಗಕ್ಕೇ ಕೈ ಹಾಕುತ್ತದೆ. ಅಲ್ಲಿ ಕಬ್ಬಿಣವನ್ನು ಅದರ ಜಾಗಕ್ಕೆ ಕೂರಿಸುವ ಕಿಣ್ವವನ್ನೇ ಕೆಡಿಸುತ್ತದೆ. ಅಂದರೆ ಕಬ್ಬಿಣ ಕಡಿಮೆ ಇದ್ದರೆ ಸೀಸ ಜಾಸ್ತಿ ಸೇರುತ್ತದೆ, ಸೀಸ ಸೇರಿದರೆ ಇರುವ ಕಬ್ಬಿಣವೂ ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಹಾಲು ಇಳಿಸಿ, ಊಟದ ಮಧ್ಯೆ ಕೊಡದೆ ಬೇರೆ ಹೊತ್ತಿಗೆ ಕೊಡಿ. ಊಟಕ್ಕೆ ಬೇಳೆ, ಕಾಳು, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಮೀನು, ಮಾಂಸ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಿ ಅಂತ ಡಾಕ್ಟರಿಗೆ ಕೇಳಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುವುದು ಅದು. ಮೊದಲ ಪರೀಕ್ಷೆಗೆ ಬೆರಳು ಚುಚ್ಚಿ ರಕ್ತ ತೆಗೆದಿದ್ದರೆ, ಇನ್ನೊಮ್ಮೆ ತೋಳಿನ ರಕ್ತನಾಳದಿಂದ ತೆಗೆಸಿ. ಬೆರಳ ಚರ್ಮದ ಮೇಲೆ ಧೂಳು ಕೂತಿದ್ದರೂ ಸಾಕು, ಲೆಕ್ಕ ಏರಿಬಿಡುತ್ತದೆ. ಇದೆಲ್ಲದರ ಜೊತೆಗೆ, ನಿಮ್ಮ ಪತ್ರದಲ್ಲಿ ಎಲ್ಲೂ ಕಾಣದ ಒಂದು ಪ್ರಶ್ನೆ ಇದೆ: ಈ ಸೀಸ ಬಂದದ್ದು ಎಲ್ಲಿಂದ? ಅದನ್ನು ಮುಂದಿನ ಪತ್ರದವರ ಜೊತೆ ನೋಡೋಣ.

ಪ್ರಶ್ನೆ: ಮನೆಗೆ ಬಣ್ಣ ಹೊಡೆಸಲು ಹಳೇ ಬಣ್ಣ ಕೆರೆಸಿದೆವು. ಮೊಮ್ಮಗ ಗೋಡೆಯ ಚಕ್ಕೆ, ಮಣ್ಣು ಎಲ್ಲ ಬಾಯಿಗೆ ಹಾಕಿಕೊಳ್ಳುತ್ತಾನೆ. 'ನೀವು ನೋಡಿಕೊಳ್ಳಲಿಲ್ಲ' ಅಂತ ಸೊಸೆ ಸಿಟ್ಟಾಗಿದ್ದಾಳೆ. ಮಕ್ಕಳು ಮಣ್ಣು ತಿನ್ನುವುದು ಸಹಜ ಅಲ್ವಾ?

ಅಜ್ಜಿ, ಒಂದು ವರ್ಷದ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದು ಸಹಜವೇ. ಆದರೆ ಎರಡು ವರ್ಷ ದಾಟಿದ ಮೇಲೂ ಹುಡುಕಿಕೊಂಡು ಹೋಗಿ ಮಣ್ಣು, ಸುಣ್ಣ, ಚಕ್ಕೆ ತಿಂದರೆ ಅದರ ಹಿಂದೆ ಎಷ್ಟೋ ಸಲ ಕಬ್ಬಿಣದ ಕೊರತೆ ಇರುತ್ತದೆ. ಇದು ನನಗೆ ತುಂಬಾ ಕ್ರೂರ ಅನ್ನಿಸುವ ಸಂಗತಿ: ಕೊರತೆ ಇರುವ ಮಗುವೇ ಸೀಸ ಇರುವ ಚಕ್ಕೆಯನ್ನು ಹುಡುಕಿ ತಿನ್ನುತ್ತದೆ, ತಿಂದ ಮೇಲೆ ಅದೇ ಮಗುವಿನ ಕರುಳು ಅದನ್ನು ಬೇರೆಯವರಿಗಿಂತ ಜಾಸ್ತಿ ಹೀರುತ್ತದೆ. ಮೊದಲೇ, ನುಂಗಿದ ಸೀಸವನ್ನು ಮಕ್ಕಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತಾರೆ.

ಲೆಕ್ಕ ಹಾಕಿ ನೋಡಿ. ಹಳೇ ಬಣ್ಣದಲ್ಲಿ ನೂರಕ್ಕೆ ಒಂದು ಪಾಲು ಸೀಸ ಇದೆ ಅಂತ ಇಟ್ಟುಕೊಳ್ಳೋಣ, ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದ ಬಣ್ಣಗಳೂ ಇದ್ದವು. ಉಗುರಿನಷ್ಟು ಚಕ್ಕೆ, 50 ಮಿಲಿಗ್ರಾಂ ತೂಕ. ಅದರಲ್ಲಿ ಸೀಸ 500 ಮೈಕ್ರೋಗ್ರಾಂ. ಮಗುವಿನ ಒಂದು ದಿನದ ಊಟದಲ್ಲಿ ಎಲ್ಲ ಸೇರಿ 2.2 ಮೈಕ್ರೋಗ್ರಾಂ ದಾಟಬಾರದು ಅಂತ ಅಮೆರಿಕದ ಆಹಾರ ಇಲಾಖೆ ಇಟ್ಟುಕೊಂಡಿದೆ. ನುಂಗಿದ್ದೆಲ್ಲ ರಕ್ತಕ್ಕೆ ಹೋಗುವುದಿಲ್ಲ ಸರಿ, ಆದರೂ 500 ಎಲ್ಲಿ, 2.2 ಎಲ್ಲಿ? ಇಂಥ ಚಕ್ಕೆಯ ಮುಂದೆ ಯಾವ ಸೊಪ್ಪೂ ಯಾವ ಹಾಲೂ ನಿಲ್ಲುವುದಿಲ್ಲ.

ಚಕ್ಕೆಯಾದರೂ ಕಣ್ಣಿಗೆ ಕಾಣುತ್ತದೆ, ಧೂಳು ಕಾಣುವುದಿಲ್ಲ. ನಿಮ್ಮ ಮನೆಯ ಕಿಟಕಿಯ ಹತ್ತಿರ ಹೋಗಿ. ರೆಕ್ಕೆ ತೆಗೆದು ಮುಚ್ಚಿದಾಗಲೆಲ್ಲ ಚೌಕಟ್ಟಿಗೆ ಉಜ್ಜಿ ಬಣ್ಣ ಪುಡಿಯಾಗಿ ಕೆಳಗಿನ ಕಟ್ಟೆಯ ಮೇಲೆ ಬೀಳುತ್ತಿರುತ್ತದೆ. ಮೂಲೆಯಲ್ಲಿ ಬೂದಿಯ ಹಾಗೆ ಸಣ್ಣಗೆ ಕೂತಿರುತ್ತದೆ. ಆ ಕಟ್ಟೆ ಇರುವುದು ಸರಿಯಾಗಿ ಎದ್ದು ನಿಂತ ಮಗುವಿನ ಕೈಯೆತ್ತರಕ್ಕೆ. ಜೊಲ್ಲು ಹತ್ತಿದ ಕೈಯನ್ನು ಅಲ್ಲಿ ಊರಿ ಹೊರಗೆ ನೋಡುತ್ತದೆ, ಆಮೇಲೆ ಅದೇ ಬೆರಳು ಬಾಯಿಗೆ. ಒಣ ಪೊರಕೆಯಿಂದ ಗುಡಿಸಿದರೆ ಪುಡಿ ಎದ್ದು ಮನೆಯೆಲ್ಲ ಹರಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಆಗಾಗ ತೊಳೆಯಿರಿ. ಊಟಕ್ಕೆ ಮೊದಲು, ಮಲಗುವ ಮೊದಲು ಮಗುವಿನ ಕೈಯನ್ನು ಸೋಪು ನೀರಿನಿಂದ ತೊಳೆಯಿರಿ. ಸ್ಯಾನಿಟೈಸರ್ ಬೇಡ, ಅದು ರೋಗಾಣು ಕೊಲ್ಲುತ್ತದೆ, ಸೀಸ ಅಲ್ಲೇ ಇರುತ್ತದೆ. ಇನ್ನೂ ಕೆರೆಯುವುದು ಬಾಕಿ ಇದ್ದರೆ ಕೆಲಸ ಮುಗಿದು ಎಲ್ಲ ಒರೆಸುವವರೆಗೆ ಮಗು ಆ ಮನೆಯಲ್ಲಿ ಬೇಡ.

ಸೊಸೆಯ ಸಿಟ್ಟಿಗೆ ನನ್ನಲ್ಲಿ ಔಷಧಿ ಇಲ್ಲ. ಇಬ್ಬರೂ ಸೇರಿ ಮಗುವಿಗೆ ಸೀಸದ ಪರೀಕ್ಷೆ, ಫೆರಿಟಿನ್ ಪರೀಕ್ಷೆ ಎರಡೂ ಮಾಡಿಸಿ.

ಪ್ರಶ್ನೆ: ಹಾಗಿದ್ದರೆ ಎಲ್ಲ ಮಕ್ಕಳಿಗೂ ಸುಮ್ನೆ ಐರನ್ ಟಾನಿಕ್ ಕೊಟ್ಟುಬಿಟ್ಟರೆ ಆಯ್ತಲ್ಲ? ಪರೀಕ್ಷೆ, ಗಿರೀಕ್ಷೆ ಯಾಕೆ?

ಪತ್ರದಲ್ಲಿ ಸ್ವಲ್ಪ ಸಿಡುಕು ಕಾಣುತ್ತಿದೆ. ಆದರೆ ಪ್ರಶ್ನೆ ಒಳ್ಳೆಯದು, ವಿಜ್ಞಾನಿಗಳಿಗೂ ಬಂದಿದ್ದೇ. 2006ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಬಂತು, ಒಂದು ಪೂರ್ವ, ಇನ್ನೊಂದು ಪಶ್ಚಿಮ.

ಮೊದಲನೆಯದು ಬೆಂಗಳೂರಿನ ಶಾಲಾ ಮಕ್ಕಳ ಮೇಲೆ ನಡೆದದ್ದು. ಎಲ್ಲರಿಗೂ ಕಬ್ಬಿಣದ ಕೊರತೆ ಇತ್ತು. ಜಂತುಹುಳುವಿನ ಮಾತ್ರೆ ಕೊಟ್ಟು, ವಾರಕ್ಕೆ ಆರು ದಿನದ ಹಾಗೆ 16 ವಾರ ಊಟ ಹಾಕಿದರು. ಅರ್ಧ ಮಕ್ಕಳ ಅನ್ನದಲ್ಲಿ ದಿನಕ್ಕೆ ಸುಮಾರು 15 ಮಿಲಿಗ್ರಾಂ ಕಬ್ಬಿಣ ಸೇರಿತ್ತು, ಉಳಿದವರ ಅನ್ನದಲ್ಲಿ ಇರಲಿಲ್ಲ. ಯಾರ ತಟ್ಟೆಯಲ್ಲಿ ಯಾವುದು ಅಂತ ಊಟ ಹಾಕುವವರಿಗೂ ಗೊತ್ತಿರಲಿಲ್ಲ. ಕಬ್ಬಿಣ ತಿಂದ ಮಕ್ಕಳಲ್ಲಿ, ಸೀಸ 10 ಅಥವಾ ಅದಕ್ಕಿಂತ ಜಾಸ್ತಿ ಇದ್ದವರು ಶೇ 65 ಇದ್ದದ್ದು ಶೇ 29ಕ್ಕೆ ಇಳಿಯಿತು. ಬರೀ ಅನ್ನದಿಂದ!

ಎರಡನೆಯದು ಮೆಕ್ಸಿಕೋದ ಟೊರೆಯೊನ್ ನಗರದ್ದು. ಅಲ್ಲಿ ಲೋಹ ಕರಗಿಸುವ ದೊಡ್ಡ ಕಾರ್ಖಾನೆ ಇದೆ, ಪಕ್ಕದಲ್ಲೇ ಶಾಲೆ. ಒಂದನೇ ತರಗತಿಯ 602 ಮಕ್ಕಳಲ್ಲಿ ಕೆಲವರಿಗೆ 30 ಮಿಲಿಗ್ರಾಂ ಕಬ್ಬಿಣ, ಕೆಲವರಿಗೆ ಅಷ್ಟೇ ಜಿಂಕ್, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಎರಡೂ ಇಲ್ಲದ ಸುಳ್ಳು ಮಾತ್ರೆ, ಹೀಗೆ ಆರು ತಿಂಗಳು ಕೊಟ್ಟರು. ಮೈಯಲ್ಲಿ ಕಬ್ಬಿಣ ಏರಿತು. ಸೀಸ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ.

ಯಾರು ಸರಿ? ಇಬ್ಬರೂ ಸರಿ ಅಂತ ನನ್ನ ಲೆಕ್ಕ. ಒಂದು ಕಡೆ ಎಲ್ಲ ಮಕ್ಕಳಿಗೂ ಕೊರತೆ ಇತ್ತು, ಬಾಗಿಲು ಹಾರು ಹೊಡೆದಿತ್ತು, ಕಬ್ಬಿಣ ಕೊಟ್ಟಾಗ ಮುಚ್ಚಿಕೊಂಡಿತು. ಇನ್ನೊಂದು ಕಡೆ ಕಬ್ಬಿಣ ಕಡಿಮೆ ಇದ್ದವರನ್ನೇ ಆರಿಸಿ ತೆಗೆದುಕೊಂಡಿರಲಿಲ್ಲ, ಸಾಲದ್ದಕ್ಕೆ ಕಾರ್ಖಾನೆಯ ಧೂಳು ಹಗಲೂ ರಾತ್ರಿ ಬೀಳುತ್ತಿತ್ತು. ಮೊದಲೇ ಮುಚ್ಚಿರುವ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದರೆ ಏನು ಬಂತು? ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಸೀಸ 5 ದಾಟಿದ, 10 ವರ್ಷದೊಳಗಿನ ಮಕ್ಕಳಲ್ಲಿ ಕಬ್ಬಿಣ ಅಥವಾ ಕ್ಯಾಲ್ಸಿಯಂ ಕೊರತೆ ಇದ್ದರೆ, ಇರುವ ಸಾಧ್ಯತೆ ಇದ್ದರೆ, ಅದನ್ನು ತುಂಬಿ. ಎಲ್ಲರಿಗೂ ಸುರಿಯಿರಿ ಅಂತ ಅಲ್ಲ.

ಇನ್ನೊಂದು ಮಾತು. ಐರನ್ ಮಾತ್ರೆ, ಟಾನಿಕ್ ಮಕ್ಕಳ ಕೈಗೆ ಸಿಗದ ಹಾಗಿಡಿ. ಮಿಠಾಯಿ ಅಂದುಕೊಂಡು ಹತ್ತಾರು ಮಾತ್ರೆ ನುಂಗಿ ಸತ್ತ ಮಕ್ಕಳಿದ್ದಾರೆ. ಸುಮ್ನೆ ಕೊಡುವ ವಸ್ತು ಅಲ್ಲ ಅದು.

ಪ್ರಶ್ನೆ: ನನ್ನ ಮಗ ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಓಡುತ್ತಾನೆ. ಬರಿ ಹೊಟ್ಟೆಯಲ್ಲಿ ಸೀಸ ಜಾಸ್ತಿ ಸೇರುತ್ತದೆ ಅಂತ ಎಲ್ಲೋ ಕೇಳಿದೆ. ನಿಜವಾ?

ನಿಜ. ಎಲ್ಲ ಪೋಷಕಾಂಶಗಳ ಮಾತು ಪಕ್ಕಕ್ಕಿಟ್ಟರೂ ಇದೊಂದು ನಿಲ್ಲುತ್ತದೆ. ದೊಡ್ಡವರ ಮೇಲೆ ನಡೆದ ಪ್ರಯೋಗಗಳಲ್ಲಿ, ಊಟದ ಜೊತೆ ಹೋದ ಸೀಸದಲ್ಲಿ ಮೈಗೆ ಸೇರಿದ್ದು ಶೇ 10ಕ್ಕಿಂತ ಕಡಿಮೆ. ಅದೇ ಸೀಸ ಖಾಲಿ ಹೊಟ್ಟೆಗೆ ಹೋದಾಗ ಹಲವು ಪಟ್ಟು ಜಾಸ್ತಿ ಸೇರಿತು, ಕೆಲವರಲ್ಲಿ ಅರ್ಧಕ್ಕಿಂತಲೂ ಮೇಲೆ. ಚೀನಾದಲ್ಲಿ 3ರಿಂದ 5 ವರ್ಷದ ಮಕ್ಕಳನ್ನು ನೋಡಿದಾಗಲೂ ದಿನಾ ಬೆಳಿಗ್ಗೆ ತಿಂಡಿ ತಿನ್ನುವವರ ರಕ್ತದಲ್ಲಿ ಸೀಸ ಕಡಿಮೆ ಇತ್ತು. ತಿಂಡಿ ತಿನ್ನುವ ಮನೆಗಳಲ್ಲಿ ಬೇರೆ ಅನುಕೂಲಗಳೂ ಇರಬಹುದು, ಅದು ಬೇರೆ ಮಾತು.

ಕಾರಣ ಕಷ್ಟದ್ದಲ್ಲ. ಹೊಟ್ಟೆಯಲ್ಲಿ ಊಟ ಇದ್ದರೆ ಅದರ ಕ್ಯಾಲ್ಸಿಯಂ, ರಂಜಕ, ನಾರು ಎಲ್ಲವೂ ಸೀಸದ ಜೊತೆ ಬೆರೆತು, ಹಿಡಿದು, ಜಾಗಕ್ಕೆ ಜಗಳ ಆಡುತ್ತವೆ. ಖಾಲಿ ಇದ್ದರೆ ಸೀಸ ಒಂದೇ. ಹಾಗಾಗಿ ಚಿಕ್ಕ ಮಕ್ಕಳಿಗೆ ಮೂರು ದೊಡ್ಡ ಊಟಕ್ಕಿಂತ ನಡುನಡುವೆ ಸ್ವಲ್ಪ ಸ್ವಲ್ಪ ಕೊಡುವುದು ಒಳ್ಳೆಯದು. ನಿಮ್ಮ ಮಗ ಕೂತು ತಿನ್ನದಿದ್ದರೆ ಓಡುತ್ತಾ ತಿನ್ನುವಂಥದ್ದು ಏನಾದರೂ ಕೈಗೆ ಕೊಡಿ. ಆ ಕೈ ತೊಳೆದಿರಲಿ.

ಪ್ರಶ್ನೆ: ವಿಟಮಿನ್ ಸಿ ಸೀಸವನ್ನು ತೊಳೆಯುತ್ತದಂತೆ. ದಿನಾ ಪಿಂಗಾಣಿ ಜಾಡಿಯಲ್ಲಿ ನಿಂಬೆ ಪಾನಕ ಮಾಡಿಟ್ಟು ಮಕ್ಕಳಿಗೆ ಕೊಡುತ್ತಿದ್ದೇನೆ.

ಅಯ್ಯೋ, ಆ ಜಾಡಿ ಯಾವುದು? ಕೈಯಲ್ಲಿ ಮಾಡಿದ್ದು, ಹಳೆಯದು, ಒಳಗೆ ಬಣ್ಣದ ಹೊಳಪಿನ ಲೇಪ ಇರುವಂಥದ್ದಾದರೆ ಈಗಲೇ ಪಾನಕ ಚೆಲ್ಲಿ. ಕೆಲವು ಜಾಡಿಗಳ ಹೊಳಪಿನಲ್ಲಿ ಸೀಸ ಇರುತ್ತದೆ, ಸರಿಯಾಗಿ ಸುಡದಿದ್ದರೆ ಹುಳಿ ಅದನ್ನು ಕರಗಿಸಿ ಎಳೆದುಕೊಳ್ಳುತ್ತದೆ. ರಾತ್ರಿಯಿಡೀ ಇಟ್ಟಷ್ಟೂ ಜಾಸ್ತಿ. ಗುಜರಿ ಲೋಹ ಕರಗಿಸಿ ಮಾಡಿದ ಅಲ್ಯೂಮಿನಿಯಂ ಪಾತ್ರೆಗೂ ಇದೇ ಮಾತು. ಹುಳಿ ಇರುವುದನ್ನು ಗಾಜಿನಲ್ಲೋ ಸ್ಟೀಲಿನಲ್ಲೋ ಇಡಿ.

ವಿಟಮಿನ್ ಸಿ ತೊಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ರಕ್ತದಲ್ಲಿ ವಿಟಮಿನ್ ಸಿ ಜಾಸ್ತಿ ಇದ್ದವರಲ್ಲಿ ಸೀಸ ಕಡಿಮೆ ಅಂತ ಅಮೆರಿಕದ ಒಂದು ದೊಡ್ಡ ಸಮೀಕ್ಷೆಯ ಅಂಕಿಗಳಲ್ಲಿ 1999ರಲ್ಲಿ ಕಂಡಿತ್ತು. ಎರಡೂ ಜೊತೆಗಿದ್ದವು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅನ್ನಲಾಗುವುದಿಲ್ಲ. ಖಂಡಿತ ಗೊತ್ತಿರುವ ಉಪಯೋಗ ಬೇರೆಯೇ: ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣ ಅಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ, ಜೊತೆಗೆ ನಿಂಬೆಯೋ ಕಿತ್ತಳೆಯೋ ಇದ್ದರೆ ಚೆನ್ನಾಗಿ ಹತ್ತುತ್ತದೆ. ಅಂದರೆ ಪಾನಕ ಬೇರೆ ಹೊತ್ತಲ್ಲಿ ಕುಡಿಯುವುದಕ್ಕಿಂತ ಊಟದ ತಟ್ಟೆಗೇ ನಿಂಬೆ ಹಿಂಡುವುದು ಮೇಲು. ಊಟದ ಜೊತೆ ಟೀ, ಕಾಫಿ ಮಾತ್ರ ಮಕ್ಕಳಿಗೆ ಬೇಡ, ಅವು ಕಬ್ಬಿಣವನ್ನು ತಡೆಯುತ್ತವೆ.

ಪ್ರಶ್ನೆ: ಮಗ ಪೆನ್ಸಿಲ್ ಕಚ್ಚುತ್ತಾನೆ. ಪೆನ್ಸಿಲ್‌ನಲ್ಲಿ ಸೀಸ ಇದೆಯಲ್ಲ?

ಇಲ್ಲ. ಸೀಸದ ಕಡ್ಡಿ ಅನ್ನುವುದು ಹೆಸರಿಗೆ ಮಾತ್ರ, ಒಳಗಿರುವುದು ಗ್ರಾಫೈಟ್, ಅಂದರೆ ಇಂಗಾಲ. ಹೊರಗಿನ ಬಣ್ಣ ಎಂಥದ್ದು ಅನ್ನುವುದು ಬೇರೆ. ಕಚ್ಚುವುದು ಬಿಡಿಸಿ, ನಿದ್ದೆಗೆಡಬೇಡಿ.

ಪ್ರಶ್ನೆ: ನನಗೆ ಈಗ ನಾಲ್ಕು ತಿಂಗಳು. ಚಿಕ್ಕವಳಿದ್ದಾಗ ಮನೆಯ ಹಿಂದೆಯೇ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಆ ಊರು ಬಿಟ್ಟು ಹದಿನೈದು ವರ್ಷ ಆಯಿತು. ಹುಟ್ಟುವ ಮಗುವಿಗೆ ತೊಂದರೆ ಇದೆಯೇ?

ಇಷ್ಟು ಹಿಂದಿನದನ್ನು ನೆನಪಿಟ್ಟು ಕೇಳಿದ್ದೀರಲ್ಲ, ಒಳ್ಳೆಯದಾಯಿತು. ಮೂಳೆಯಲ್ಲಿ ಸೀಸ ದಶಕಗಟ್ಟಲೆ ಕೂತಿರುತ್ತದೆ ಅಂದೆನಲ್ಲ, ದೊಡ್ಡವರ ಮೈಯಲ್ಲಿರುವ ಸೀಸದಲ್ಲಿ ಶೇ 90ಕ್ಕಿಂತ ಜಾಸ್ತಿ ಅಲ್ಲೇ ಇರುವುದು. ಬಸುರಿಯಾದಾಗ, ಹಾಲೂಡಿಸುವಾಗ ಮಗುವಿಗೆ ಕ್ಯಾಲ್ಸಿಯಂ ಬೇಕು. ಊಟದಲ್ಲಿ ಸಾಲದಿದ್ದರೆ ಮೈ ತನ್ನ ಮೂಳೆಯನ್ನೇ ಕರಗಿಸಿ ಕೊಡುತ್ತದೆ. ಆಗ ಅಲ್ಲಿ ಮಲಗಿದ್ದ ಸೀಸವೂ ಎದ್ದು ರಕ್ತಕ್ಕೆ ಬರುತ್ತದೆ, ಕರುಳಬಳ್ಳಿ ಅದನ್ನು ತಡೆಯುವುದಿಲ್ಲ.

ಕ್ಯಾಲ್ಸಿಯಂ ಮಾತ್ರೆ ಕೆಲಸ ಮಾಡಿದ್ದು ಕಂಡಿರುವುದು ಇಲ್ಲೇ. ಮೆಕ್ಸಿಕೋ ಸಿಟಿಯಲ್ಲಿ ಬಸುರಿಯರಿಗೆ ದಿನಾ ರಾತ್ರಿ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದಾಗ, 2009ರಲ್ಲಿ ಬಂದ ವರದಿಯ ಪ್ರಕಾರ, ರಕ್ತದ ಸೀಸ ಸರಾಸರಿ ಶೇ 11ರಷ್ಟು ಇಳಿಯಿತು. ಮಾತ್ರೆ ತಪ್ಪಿಸದೆ ನುಂಗಿದವರಲ್ಲಿ ಇನ್ನೂ ಚೆನ್ನಾಗಿ ಇಳಿಯಿತು. ದೊಡ್ಡ ಇಳಿತ ಅಲ್ಲ, ಆದರೆ ಬಿಡುವಂಥದ್ದೂ ಅಲ್ಲ. ನಿಮ್ಮ ಡಾಕ್ಟರಿಗೆ ಬ್ಯಾಟರಿ ವಿಷಯ ಹೇಳಿ, ರಕ್ತದ ಸೀಸ ನೋಡಿಸಿ, ಕ್ಯಾಲ್ಸಿಯಂ ಮತ್ತು ಐರನ್ ಎಷ್ಟು ಬೇಕೋ ಅವರೇ ಬರೆದುಕೊಡಲಿ. ಎರಡನ್ನೂ ಒಟ್ಟಿಗೆ ನುಂಗಬೇಡಿ, ಒಂದು ಹಗಲಿಗೆ, ಇನ್ನೊಂದು ರಾತ್ರಿಗೆ. 'ನೈಸರ್ಗಿಕ' ಅಂತ ಹೇಳಿ ಮೂಳೆ ಪುಡಿಯಿಂದಲೋ ಡಾಲೊಮೈಟ್ ಕಲ್ಲಿನಿಂದಲೋ ಮಾಡಿದ ಕ್ಯಾಲ್ಸಿಯಂ ತೆಗೆದುಕೊಳ್ಳಬೇಡಿ, ಅವುಗಳಲ್ಲೇ ಸೀಸ ಸಿಕ್ಕ ಉದಾಹರಣೆಗಳಿವೆ. ಪ್ರಾಣಿಯ ಮೂಳೆಯೂ ಮೂಳೆಯೇ ತಾನೆ, ಸೀಸ ಅಲ್ಲೂ ಕೂರುತ್ತದೆ.

ಪ್ರಶ್ನೆ: ಕೊತ್ತಂಬರಿ ರಸ, ಬೆಳ್ಳುಳ್ಳಿ, ಡಿಟಾಕ್ಸ್ ಪುಡಿ ಇವೆಲ್ಲ ಲೋಹ ತೆಗೆಯುತ್ತವೆ ಅಂತ ವಿಡಿಯೋ ನೋಡಿದೆ. ಮಗುವಿಗೆ ಕೊಡಬಹುದೇ?

ಕೊತ್ತಂಬರಿ, ಬೆಳ್ಳುಳ್ಳಿ ಅಡುಗೆಗೆ ಹಾಕಿ, ರುಚಿಯಾಗಿರುತ್ತೆ. ಮಗುವಿನ ಸೀಸ ತೆಗೆಯಲು ಅವುಗಳನ್ನು ನಂಬಿ ಕೂರಬೇಡಿ. ಡಿಟಾಕ್ಸ್ ಪುಡಿ ಬೇಡವೇ ಬೇಡ, ಪುಡಿಯಲ್ಲೇ ಏನಿದೆ ಅಂತ ಯಾರಿಗೆ ಗೊತ್ತು? 2023ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೆಂದೇ ಮಾಡಿದ ಸೇಬಿನ ತಿನಿಸಿನ ಪೊಟ್ಟಣಗಳಲ್ಲಿ ಸೀಸ ಸಿಕ್ಕಿತು. ಹುಡುಕಿದರೆ ಅದು ಬಂದದ್ದು ಸೇರಿಸಿದ್ದ ದಾಲ್ಚಿನ್ನಿ ಪುಡಿಯಿಂದ. ಪೌಷ್ಟಿಕ ಅಂತ ಕೊಟ್ಟದ್ದೇ ವಿಷವಾಗಿತ್ತು. ಮಸಾಲೆ ಪುಡಿಗೆ ಹೊಳಪು ಬರಲಿ ಅಂತ ಸೀಸದ ಹಳದಿ ಬಣ್ಣ ಬೆರೆಸುವುದೂ ಇದೆ. ಕಣ್ಣಿಗೆ ಹಚ್ಚುವ ಕೆಲವು ಕಪ್ಪು, ಕೆಲವು ಲೋಹ ಸೇರಿದ ಹಳೇ ಔಷಧಿಗಳಲ್ಲೂ ಸೀಸ ಸಿಕ್ಕಿದೆ.

ಹಾಗೇ ನಿಜವಾದ ಔಷಧಿಯನ್ನೂ ಗೊತ್ತಿಲ್ಲದವರ ಕೈಲಿ ಹಾಕಿಸಬೇಡಿ. ಸೀಸ ತೆಗೆಯಲು ಇಡಿಟಿಎ ಅಂತ ಒಂದು ಔಷಧಿ ಇದೆ, ಅದರಲ್ಲಿ ಎರಡು ಬಗೆ. ಕ್ಯಾಲ್ಸಿಯಂ ಸೇರಿರುವುದನ್ನು ಹಾಕಬೇಕು. ಅಮೆರಿಕದಲ್ಲಿ ಕ್ಯಾಲ್ಸಿಯಂ ಇಲ್ಲದ ಬಗೆಯನ್ನು ಹಾಕಿ, ಅದು ಸೀಸದ ಬದಲು ರಕ್ತದ ಕ್ಯಾಲ್ಸಿಯಂ ಅನ್ನೇ ಎಳೆದುಕೊಂಡು, 2005ರಲ್ಲಿ ಮಕ್ಕಳು ಸತ್ತಿದ್ದಾರೆ.

ಇದೇ ಪತ್ರದಲ್ಲಿ ನೀರು ಕುದಿಸಿದರೆ ಸೀಸ ಹೋಗುತ್ತದೆಯೇ ಅಂತಲೂ ಕೇಳಿದ್ದೀರಿ. ಹೋಗುವುದಿಲ್ಲ. ಆವಿಯಾಗುವುದು ನೀರು, ಸೀಸ ತಳದಲ್ಲೇ ಉಳಿದು ಇನ್ನೂ ದಟ್ಟ ಆಗುತ್ತದೆ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಮೂರು ವರ್ಷದವನಿದ್ದಾಗ ಸೀಸ 24 ಇತ್ತು. ಮನೆ ಬದಲಾಯಿಸಿದೆವು, ಊಟ ಸರಿ ಮಾಡಿದೆವು, ಈಗ 4. ಆದರೂ ಓದಿನಲ್ಲಿ ಹಿಂದೆ, ಒಂದು ಕಡೆ ಕೂರುವುದಿಲ್ಲ. ಇನ್ನೂ ಏನು ತಿನ್ನಿಸಲಿ?

ಈ ಪತ್ರವನ್ನು ಎರಡು ಮೂರು ಸಲ ಓದಿದೆ. ನೀವು ಮಾಡಬೇಕಾದದ್ದನ್ನೆಲ್ಲ ಮಾಡಿದ್ದೀರಿ. 24ರಿಂದ 4ಕ್ಕೆ ಇಳಿದದ್ದು ಹಾಲಿನಿಂದಲೋ ಸೊಪ್ಪಿನಿಂದಲೋ ಅಲ್ಲ, ಬಹುಪಾಲು ಆ ಮನೆ ಬಿಟ್ಟದ್ದರಿಂದ. ಊಟ ಜೊತೆಗೆ ಕೈ ಜೋಡಿಸಿದೆ.

ಆದರೆ ಸೀಸ ಇಳಿದ ಮಾತ್ರಕ್ಕೆ ಆಗಿದ್ದು ಅಳಿಸಿಹೋಗುವುದಿಲ್ಲ, ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನಿಮ್ಮ ಮಗನ ಹಾಗೆಯೇ 20ರಿಂದ 44ರ ನಡುವೆ ಸೀಸ ಇದ್ದ 780 ಪುಟ್ಟ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2001ರಲ್ಲಿ ಬಂತು. ಔಷಧಿ ಕೊಟ್ಟ ಮಕ್ಕಳ ರಕ್ತದಲ್ಲಿ ಸೀಸ ಇಳಿಯಿತು, ಬುದ್ಧಿಯ ಪರೀಕ್ಷೆಗಳಲ್ಲಿ ಮಾತ್ರ ಔಷಧಿ ಕೊಡದವರಿಗಿಂತ ಮುಂದೆ ಬರಲಿಲ್ಲ. ಔಷಧಿಗೇ ಆಗದ್ದು ಊಟಕ್ಕೆ ಆಗುತ್ತದೆ ಅಂತ ನಾನು ಹೇಳಲಾರೆ, ಹಾಗೆ ಹೇಳಿ ಏನಾದರೂ ಮಾರುವವರನ್ನು ಹತ್ತಿರ ಸೇರಿಸಬೇಡಿ.

ಊಟದಿಂದ ಇನ್ನೂ ಆಗುವುದು ಒಂದಿದೆ. ಕಬ್ಬಿಣದ ಕೊರತೆ ತಾನೇ ತಾನಾಗಿ ಮಕ್ಕಳನ್ನು ಮಂಕು ಮಾಡುತ್ತದೆ, ಗಮನ ಕೆಡಿಸುತ್ತದೆ. ಅದು ಉಳಿದಿದ್ದರೆ ಸರಿ ಮಾಡಬಹುದು, ಹಾಗಾಗಿ ಫೆರಿಟಿನ್ ಒಮ್ಮೆ ನೋಡಿಸಿ. ಕೊರತೆ ಇಲ್ಲ ಅಂತ ಬಂದರೆ ಊಟದ ಚಿಂತೆ ಅಲ್ಲಿಗೆ ಬಿಡಿ. ಅವನಿಗೆ ಇಷ್ಟವಾದದ್ದನ್ನು ತಿನ್ನಲಿ.

ಆಮೇಲೆ ಮಕ್ಕಳ ಕಲಿಕೆಯ ತೊಂದರೆ ನೋಡುವ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಹಳೆಯ ರಕ್ತ ಪರೀಕ್ಷೆಯ ಚೀಟಿ ಜೊತೆಗಿರಲಿ, 24 ಅನ್ನುವ ಆ ಚೀಟಿಯನ್ನು ಅವನ ಟೀಚರಿಗೂ ತೋರಿಸಿ. ಸೋಮಾರಿ, ತುಂಟ ಅಂತ ಬೈಸಿಕೊಳ್ಳುತ್ತಿರುವ ಹುಡುಗ ಇರಬಹುದು ಅವನು. ಮುಂದಿನ ಬೆಂಚಿನಲ್ಲಿ ಕೂರಿಸಲಿ, ಪಾಠವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಕೊಡಲಿ, ನಡುವೆ ಎದ್ದು ಓಡಾಡಲು ಬಿಡಲಿ. ಟೀಚರು ಏನಂದರು ಅಂತ ನನಗೆ ಒಂದು ಸಾಲು ಬರೆಯಿರಿ.